ಹಾಂಗ್‌ಝೌನ ಪ್ಲಮ್ ಮಳೆ, ದಾವಣಗೆರೆಯ ಹೊಟ್ಟೆ

ಪ್ರಶ್ನೆ: ನನಗೆ 41 ವರ್ಷ. ಊರು ದಾವಣಗೆರೆ. ನಾಲ್ಕು ವರ್ಷದಿಂದ ಚೀನಾದ ಹಾಂಗ್‌ಝೌನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಲ್ಲಿಗೆ ಬಂದ ಮೇಲೆ ಹೊಟ್ಟೆ ಒಂದು ಹದಕ್ಕೆ ಬಂದಿಲ್ಲ. ಜೂನ್-ಜುಲೈ ಮಳೆಯಲ್ಲಿ ಮಲ ಸಡಿಲವಾಗಿ ಅಂಟಂಟಾಗುತ್ತದೆ, ಮೈ ಭಾರವಾಗುತ್ತದೆ. ವಸಂತದಲ್ಲಿ, ಕಚೇರಿಯ ಒತ್ತಡ ಹೆಚ್ಚಿದಾಗ, ಹೊಟ್ಟೆ ನುಲಿದು ಓಡಬೇಕಾಗುತ್ತದೆ. ಹೋಗಿ ಬಂದರೆ ಆರಾಮ. ಎರಡು ಚಳಿಗಾಲದಿಂದ ಬೆಳಗಿನ ಜಾವ ನಾಲ್ಕೂವರೆಗೆ ಹೊಟ್ಟೆಯೇ ಎಬ್ಬಿಸುತ್ತಿದೆ. ಇಲ್ಲಿನ ಚೀನೀ ವೈದ್ಯೆ ಪ್ರತಿ ಸಲವೂ ಬೇರೆ ಬೇರೆ ಔಷಧ ಕೊಟ್ಟರು. ಕಳೆದ ಜುಲೈಯಲ್ಲಿ ‘ಇದು ಚಳಿಗಾಲಕ್ಕೆ’ ಎಂದು ಹೊಟ್ಟೆಗೂ ಬೆನ್ನಿಗೂ ಔಷಧದ ಪಟ್ಟಿ ಅಂಟಿಸಿದರು! ಅದೇ ಕರುಳು, ಅದೇ ನಾನು. ತಿಂಗಳು ಬದಲಾದರೆ ಮದ್ದು ಏಕೆ ಬದಲಾಗಬೇಕು? ಇದು ವೈದ್ಯವೋ ಪಂಚಾಂಗವೋ? ನವೆಂಬರಿನಲ್ಲಿ ಊರಿಗೆ ಮರಳುತ್ತಿದ್ದೇನೆ. ಉಳಿದಿರುವ ಚಳಿಗಾಲದ ಗುಳಿಗೆಗಳನ್ನು ಅಲ್ಲಿ ಮುಂದುವರಿಸಬಹುದೇ? ತಣ್ಣನೆಯದನ್ನೆಲ್ಲ, ಮಜ್ಜಿಗೆಯನ್ನೂ, ಬಿಡಲು ಹೇಳಿದ್ದಾರೆ, ಅಮ್ಮ ಒಪ್ಪುತ್ತಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ, ಎರಡು ವರ್ಷದ ಹಿಂದೆ ರಾತ್ರಿಯ ಮಾತ್ರೆಯೊಂದನ್ನು ಸೇರಿಸಿದರು. ಬೇರೆ ಯಾವ ತೊಂದರೆಯೂ ಇಲ್ಲ.

ಉತ್ತರ: ಪಂಚಾಂಗ ಎಂಬ ಮಾತನ್ನು ನೀವು ಕೊಂಕಾಗಿ ಬಳಸಿದ್ದೀರಿ. ಆದರೆ ಚೀನೀ ವೈದ್ಯರ ಮೇಜಿನ ಮೇಲೆ ಪಂಚಾಂಗ ಇರುವುದು ನಿಜ. ನಾನು ಓದಿದ್ದು ಆಧುನಿಕ ವೈದ್ಯಶಾಸ್ತ್ರ, ಕೆಲಸ ಮಾಡುವುದು ಹೊಟ್ಟೆ-ಕರುಳಿನ ರೋಗಿಗಳ ಜೊತೆ. ಮಧ್ಯೆ ಎರಡು ವರ್ಷ ನಾನ್‌ಜಿಂಗ್‌ನಲ್ಲಿ ಚೀನೀ ವೈದ್ಯದ ಹೊರರೋಗಿ ವಿಭಾಗವೊಂದರಲ್ಲಿ ಹಿರಿಯ ವೈದ್ಯರೊಬ್ಬರ ಪಕ್ಕದಲ್ಲಿ ಕುಳಿತು ನೋಡುವ ಅವಕಾಶ ಸಿಕ್ಕಿತ್ತು. ರೋಗಿ ಬಂದು ಕುಳಿತ ಕೂಡಲೇ ಅವರು ಒಮ್ಮೆ ಕಿಟಕಿಯಾಚೆ ನೋಡುತ್ತಿದ್ದರು, ಆಮೇಲೆ ನಾಲಿಗೆ ಚಾಚಲು ಹೇಳುತ್ತಿದ್ದರು. ವಯಸ್ಸಾದವರ ಅಭ್ಯಾಸ ಎಂದುಕೊಂಡಿದ್ದೆ. ಮೂರು ತಿಂಗಳಾದ ಮೇಲೆ ತಿಳಿಯಿತು, ಹೊರಗಿನ ಹವೆಯೇ ಅವರ ಪರೀಕ್ಷೆಯ ಮೊದಲ ಹೆಜ್ಜೆ. ಎರಡನೆಯ ಹೆಜ್ಜೆಯಲ್ಲಿ ನಾಲಿಗೆ ಬೇರೆ ಮಾತು ಹೇಳಿದರೆ ಅವರು ನಂಬುತ್ತಿದ್ದುದು ನಾಲಿಗೆಯನ್ನು. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇಷ್ಟೇ. ಮುಂದಿನದೆಲ್ಲ ಅದರ ವಿವರ.

ಎರಡು ಸಾವಿರ ವರ್ಷ ಹಳೆಯದಾದ ‘ಹುವಾಂಗ್‌ದಿ ನೇಯ್‌ಜಿಂಗ್’ ಚೀನೀ ವೈದ್ಯದ ಮೂಲಗ್ರಂಥ. ಅದರ ಲೆಕ್ಕದಲ್ಲಿ ಋತುಗಳು ಐದು. ವಸಂತ ಯಕೃತ್ತಿನದು, ಅದರ ದೋಷ ಗಾಳಿ. ಬೇಸಿಗೆ ಹೃದಯದ್ದು, ದೋಷ ಬಿಸಿ. ಶರತ್ಕಾಲ ಶ್ವಾಸಕೋಶದ್ದು, ದೋಷ ಒಣಹವೆ. ಚಳಿಗಾಲ ಮೂತ್ರಪಿಂಡದ್ದು, ದೋಷ ಶೀತ. ಬೇಸಿಗೆಯ ಬಾಲದಲ್ಲಿ ಬರುವ ಮಳೆಗೂಡಿದ ಬೇಗೆಯ ದಿನಗಳನ್ನು ಬೇರೆಯಾಗಿ ತೆಗೆದು, ‘ದೀರ್ಘ ಬೇಸಿಗೆ’ ಎಂದು ಹೆಸರಿಟ್ಟು, ಅದನ್ನು ‘ಪಿ’ ಎಂಬ ಅಂಗಕ್ಕೆ ಕೊಟ್ಟಿದ್ದಾರೆ. ಅದರ ದೋಷ ತೇವ. ಈ ‘ಪಿ’ಯನ್ನು ಅನುವಾದಕರು ಗುಲ್ಮ ಎಂದು ಕರೆದು ಓದುಗರನ್ನು ಹಾದಿ ತಪ್ಪಿಸಿದ್ದಾರೆ. ಪಕ್ಕೆಲುಬಿನ ಕೆಳಗೆ ಇರುವ ಆ ಗುಲ್ಮಕ್ಕೂ ಇದಕ್ಕೂ ಹೆಸರಿನ ನಂಟಷ್ಟೇ. ಚೀನೀ ವೈದ್ಯರು ಪಿ ಎನ್ನುವಾಗ ಉಂಡದ್ದನ್ನು ಅರಗಿಸಿ ಮೈಗೆಲ್ಲ ಹಂಚುವ ಕೆಲಸವನ್ನು ಹೇಳುತ್ತಿರುತ್ತಾರೆ. ನಮ್ಮಲ್ಲಿ ಜಠರಾಗ್ನಿ ಎನ್ನುತ್ತೇವಲ್ಲ, ಅದರ ದಾಯಾದಿ ಎಂದಿಟ್ಟುಕೊಳ್ಳಿ. ಪಿಗೆ ತೇವ ಆಗಿಬರುವುದಿಲ್ಲ. ಭೇದಿ ಎಂದರೆ ಅವರ ಪಾಲಿಗೆ ಬಹುಮಟ್ಟಿಗೆ ಪಿ ಸೋತು ತೇವ ಗೆದ್ದ ಸ್ಥಿತಿ.

ತಮಾಷೆಯೆಂದರೆ ಅದೇ ಗ್ರಂಥ ಇನ್ನೊಂದು ಕಡೆ ಪಿಗೆ ಸ್ವಂತ ಋತುವೇ ಇಲ್ಲ, ನಾಲ್ಕೂ ಋತುಗಳ ಕೊನೆಯ 18 ದಿನಗಳು ಅದರ ಪಾಲು ಎನ್ನುತ್ತದೆ. ನಾಲ್ಕು ಹದಿನೆಂಟಲೆ 72. ವರ್ಷದ 360 ದಿನಗಳನ್ನು ಐದು ಅಂಗಗಳಿಗೆ ಹಂಚಿದರೆ ತಲಾ 72. ಲೆಕ್ಕವೇನೋ ಚೊಕ್ಕವಾಗಿದೆ, ಮೊದಲಿನ ಲೆಕ್ಕಕ್ಕೆ ಮಾತ್ರ ತಾಳೆಯಾಗುವುದಿಲ್ಲ. ವೈದ್ಯರು ಎರಡನ್ನೂ ಇಟ್ಟುಕೊಂಡರು. ಹೊಟ್ಟೆ ಯಾವ ತಿಂಗಳಲ್ಲಾದರೂ ಕೆಡಬಹುದು, ಮಳೆಬೇಗೆಯಲ್ಲಿ ಹೆಚ್ಚು ಕೆಡುತ್ತದೆ ಎಂಬ ಎರಡು ಅನುಭವಗಳಿಗೆ ಎರಡು ಲೆಕ್ಕ. ಇಷ್ಟು ಸಡಿಲವಾದ ಪಂಚಾಂಗವನ್ನು ಮುಹೂರ್ತದ ಹಾಗೆ ಕಟ್ಟುನಿಟ್ಟಾಗಿ ಯಾರೂ ಪಾಲಿಸಿರಲಾರರು.

ಈಗ ನಿಮ್ಮ ಜೂನ್‌ಗೆ ಬರೋಣ. ಯಾಂಗ್‌ತ್ಸೆ ನದಿಯ ಕೆಳದಂಡೆಯಲ್ಲಿ ಪ್ಲಮ್ ಹಣ್ಣಾಗುವ ಹೊತ್ತಿಗೆ ಬರುವ ಮಳೆಗೆ ‘ಮೇಯ್‌ಯು’, ಪ್ಲಮ್ ಮಳೆ ಎಂದು ಹೆಸರು. ಬೂಸ್ಟು ಎಂಬುದಕ್ಕೂ ಚೀನೀ ಭಾಷೆಯಲ್ಲಿ ‘ಮೇಯ್’ ಎಂದೇ ಉಚ್ಚಾರ, ಆದ್ದರಿಂದ ಬೂಸ್ಟಿನ ಮಳೆ ಎಂದೂ ಬರೆಯುತ್ತಾರೆ. ಕಪಾಟಿನ ಬಟ್ಟೆ, ಚಪ್ಪಲಿ, ಪುಸ್ತಕದ ಬೆನ್ನು ಎಲ್ಲಕ್ಕೂ ಬೂಸ್ಟು ಹಿಡಿಯುವ ದಿನಗಳು ಅವು. ತೀರ್ಥಹಳ್ಳಿಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯವರಾದ ನಿಮಗೆ ಹೊಸದು. ಈ ಹವೆಯಲ್ಲಿ ಮಲ ಅಂಟಂಟಾಗುವುದು, ಮೈ ಒದ್ದೆ ಕಂಬಳಿ ಹೊದ್ದಂತಾಗುವುದು, ನಾಲಿಗೆಯ ಮೇಲೆ ಬಿಳಿಯ ಜಿಡ್ಡು ಕೂರುವುದು ಇವೆಲ್ಲ ಸೇರಿದರೆ ಅವರು ‘ತೇವ ಪಿಯನ್ನು ಮುತ್ತಿದೆ’ ಎನ್ನುತ್ತಾರೆ. ನಿಮಗೆ ಕೊಟ್ಟದ್ದು ಹುವೊಶಿಯಾಂಗ್ ಝೆಂಗ್‌ಚಿ ಎಂದು ಊಹಿಸುತ್ತೇನೆ. ಸೊಂಗ್ ಅರಸರು 1076ರಲ್ಲಿ ಕೈಫೆಂಗ್‌ನಲ್ಲಿ ಸರ್ಕಾರಿ ಔಷಧಾಲಯ ತೆರೆದರು. ಆ ಪರಂಪರೆಯ ಸೂತ್ರಸಂಗ್ರಹದಲ್ಲಿ ಇರುವ ಔಷಧ ಇದು. ಇಂದಿಗೂ ಚೀನಾದ ಪ್ರತಿ ಔಷಧದಂಗಡಿಯಲ್ಲಿ ಸಿಗುತ್ತದೆ. ಪಚೌಲಿ ಎಂಬ ಪರಿಮಳದ ಗಿಡದ ಎಲೆ, ಕಿತ್ತಳೆ ಜಾತಿಯ ಹಣ್ಣಿನ ಒಣಸಿಪ್ಪೆ, ಶುಂಠಿ, ಜ್ಯೇಷ್ಠಮಧು ಇವುಗಳ ಜೊತೆ ನಮ್ಮವರು ಅಂಗಳದಾಚೆ ರಾಶಿ ಹಾಕುವ ಅಡಕೆಯ ಸಿಪ್ಪೆಯೂ ಅದರಲ್ಲಿದೆ. ಹೊಟ್ಟೆಯುಬ್ಬರ ಇಳಿಸಿ ನೀರನ್ನು ಕೆಳಗೆ ಸಾಗಿಸಲು ಅಡಕೆ ಸಿಪ್ಪೆ ಎಂಬುದು ಅವರ ಲೆಕ್ಕ.

ಈ ಔಷಧದ ದ್ರವರೂಪವನ್ನು ಕುಡಿಯುವ ಮುನ್ನ ಒಂದು ಎಚ್ಚರಿಕೆ. ಅದರಲ್ಲಿ ಶೇಕಡ 40ರಿಂದ 50ರಷ್ಟು ಮದ್ಯಸಾರ ಇರುತ್ತದೆ. ಭೇದಿಯಾದಾಗ ನಮ್ಮವರು ಕಣ್ಣುಮುಚ್ಚಿ ನುಂಗುವ ಮೆಟ್ರೊನಿಡಜೋಲ್ ಜೊತೆ, ಅಥವಾ ಕೆಲವು ಸೆಫಲೋಸ್ಪೋರಿನ್ ಜಾತಿಯ ಆ್ಯಂಟಿಬಯೋಟಿಕ್‌ಗಳ ಜೊತೆ ಅದನ್ನು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಕುಡಿದು ವಾಹನ ಓಡಿಸುವಂತೆಯೂ ಇಲ್ಲ. ಮದ್ಯಸಾರವಿಲ್ಲದ ಕ್ಯಾಪ್ಸೂಲ್ ಅದೇ ಅಂಗಡಿಯಲ್ಲಿ ಇರುತ್ತದೆ.

ಅದೇ ಜುಲೈಯಲ್ಲಿ, ಅದೇ ಬೀದಿಯಲ್ಲಿ, ಇನ್ನೊಬ್ಬರಿಗೂ ಭೇದಿಯಾಗಿರುತ್ತದೆ. ಅವರ ನಾಲಿಗೆಯ ಜಿಡ್ಡು ಹಳದಿ, ಬಾಯಾರಿಕೆ ಹೆಚ್ಚು, ಮಲ ಹೋಗುವಾಗ ಉರಿ, ವಾಸನೆ ಕೆಟ್ಟದು. ಅವರಿಗೆ ಈ ಪಚೌಲಿ ಕೊಟ್ಟರೆ ಬೆಂಕಿಗೆ ತುಪ್ಪ ಹಾಕಿದಂತೆ. ಅವರಿಗೆ ಕೊಡುವುದು ಗೆಗೆನ್ ಚಿನ್‌ಲಿಯನ್ ಎಂಬ ನಾಲ್ಕು ಬೇರುಗಳ ಕಷಾಯ. ಹಾನ್ ರಾಜ್ಯದ ಕೊನೆಯ ದಿನಗಳಲ್ಲಿ, ಸುಮಾರು ಕ್ರಿ.ಶ. 200ರ ಆಸುಪಾಸಿನಲ್ಲಿ, ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯ ಬರೆದಿಟ್ಟದ್ದು. ತನ್ನ ಇನ್ನೂರಕ್ಕೂ ಮಿಕ್ಕಿದ ಬಂಧುಗಳಲ್ಲಿ ಮೂರನೆಯ ಎರಡು ಪಾಲು ಜನ ಹತ್ತು ವರ್ಷದೊಳಗೆ ಸತ್ತರು, ಸತ್ತವರಲ್ಲಿ ಹತ್ತಕ್ಕೆ ಏಳು ಮಂದಿ ಜ್ವರಬಾಧೆಗಳಿಂದ ಎಂದು ಮುನ್ನುಡಿಯಲ್ಲಿ ಹೇಳಿಕೊಂಡಾತ. ಆ ಕಷಾಯದ ಕಹಿಬೇರು ಹುವಾಂಗ್‌ಲಿಯನ್. ಅದರಲ್ಲಿರುವ ಬರ್ಬೆರೀನ್ ಎಂಬ ಹಳದಿ ಸಾರ ನಮ್ಮ ಘಟ್ಟದ ಮರದರಿಶಿನದಲ್ಲೂ ಇದೆ. ಢಾಕಾದಲ್ಲಿ ನಡೆದು 1987ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಬಗೆಯ ಇ. ಕೊಲಿ ಭೇದಿಯಲ್ಲಿ 400 ಮಿಲಿಗ್ರಾಂ ಬರ್ಬೆರೀನ್ ಮಲದ ಪ್ರಮಾಣವನ್ನು ತಗ್ಗಿಸಿತು. ಕಾಲರಾದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಸುಗೂಸುಗಳಿಗೆ, ಅದರಲ್ಲೂ ಕಾಮಾಲೆ ಇರುವ ಕೂಸುಗಳಿಗೆ, ಹುವಾಂಗ್‌ಲಿಯನ್ ಕೂಡದು.

ಒಂದೇ ತಿಂಗಳು, ಎರಡು ವಿರುದ್ಧ ಮದ್ದು. ಆದ್ದರಿಂದ ನಿಮ್ಮ ‘ತಿಂಗಳು ಬದಲಾದರೆ ಮದ್ದು ಏಕೆ ಬದಲಾಗಬೇಕು’ ಎಂಬ ಪ್ರಶ್ನೆಯನ್ನೇ ನಾನು ಸ್ವಲ್ಪ ತಿದ್ದುತ್ತೇನೆ. ಮೈಯಲ್ಲಿ ಏನಾಗಿದೆ ಎಂಬುದು ಬದಲಾದಾಗ ಮದ್ದು ಬದಲಾಗುತ್ತದೆ. ತಿಂಗಳು ಅದರ ಸುಳಿವು ಕೊಡುತ್ತದೆ.

ಈ ಸುಳಿವನ್ನು ತಪ್ಪಾಗಿ ಓದಿದರೆ ಎಂಥ ಅನಾಹುತ ಎಂಬುದಕ್ಕೆ ನಿಮ್ಮ ಹಾಂಗ್‌ಝೌನವರೇ ಒಬ್ಬರು ಸಾಕ್ಷಿ ಬರೆದಿದ್ದಾರೆ. ವಾಂಗ್ ಶಿಶಿಯೊಂಗ್, ಹುಟ್ಟಿದ್ದು 1808ರಲ್ಲಿ. ಬಂಗಾಳದಲ್ಲಿ 1817ರಲ್ಲಿ ಭುಗಿಲೆದ್ದ ಕಾಲರಾ ಹಡಗುಗಳ ಜೊತೆ ತೇಲುತ್ತ 1820ರ ಸುಮಾರಿಗೆ ಚೀನಾದ ಬಂದರುಗಳನ್ನು ತಲುಪಿತ್ತು. ದಿಢೀರ್ ವಾಂತಿಭೇದಿಗೆ ಚೀನೀ ವೈದ್ಯದಲ್ಲಿ ‘ಹುವೊಲುವಾನ್’ ಎಂಬ ಹಳೆಯ ಹೆಸರಿತ್ತು. ಹೊಸ ಪಿಡುಗಿಗೂ ಅದನ್ನೇ ಇಟ್ಟರು, ಈಗ ಚೀನೀ ಭಾಷೆಯಲ್ಲಿ ಕಾಲರಾ ಎಂದರೆ ಅದೇ ಪದ. ಹೆಸರು ಹಳೆಯದಾದರೆ ಮದ್ದೂ ಹಳೆಯದೇ ಎಂದು ಹಲವರು ಶುಂಠಿ, ವತ್ಸನಾಭಿಯಂಥ ಬಿಸಿ ಮದ್ದುಗಳನ್ನು ಕೊಟ್ಟರು. ರೋಗಿಯ ಕೈಕಾಲು ತಣ್ಣಗಿವೆ, ಆದ್ದರಿಂದ ಶೀತ ಎಂಬುದು ವಾದ. ಬೇಸಿಗೆಯಲ್ಲಿ ಹಿಂಡುಹಿಂಡಾಗಿ ಬೀಳುವ ಹುವೊಲುವಾನ್ ತೇವ-ಉಷ್ಣದ್ದು, ಬಿಡಿಯಾಗಿ ಆಗಾಗ ಕಾಣುವುದು ಶೀತದ್ದು, ಎರಡನ್ನೂ ಬೆರೆಸಬೇಡಿ ಎಂದು ವಾಂಗ್ 1838ರಲ್ಲೇ ಬರೆದರು. ತೈಪಿಂಗ್ ದಂಗೆಯ ಕಾಲದಲ್ಲಿ, 1862ರಲ್ಲಿ, ಶಾಂಘೈ ಸೇರಿದಾಗ ನಿರಾಶ್ರಿತರಿಂದ ತುಂಬಿದ ನಗರದಲ್ಲಿ ಕಾಲರಾ ಕುಣಿಯುತ್ತಿತ್ತು. ಪುಸ್ತಕವನ್ನು ತಿದ್ದಿ ಬೆಳೆಸಿದರು. ನನಗೆ ಅವರು ಇಷ್ಟವಾಗುವುದು ಮದ್ದಿನ ವಾದಕ್ಕಲ್ಲ. ಕಾಲುವೆಗಳ ಹೂಳೆತ್ತಿ ಕೊಳಕು ನಿಲ್ಲದಂತೆ ಮಾಡಿ, ಬಾವಿಗಳನ್ನು ತೋಡಿ ಜನ ಕದಡಿದ ನೀರು ಕುಡಿಯದಂತೆ ನೋಡಿಕೊಳ್ಳಿ ಎಂದು ಒತ್ತಿ ಬರೆದರಲ್ಲ, ಅದಕ್ಕೆ. ರೋಗಾಣುವಿನ ಕಲ್ಪನೆ ಇಲ್ಲದ ಮನುಷ್ಯ ಋತು, ಮೈ, ನೀರು ಮೂರನ್ನೂ ಒಟ್ಟಿಗೆ ನೋಡಿ ಸರಿಯಾದ ಕಡೆ ಬೆರಳು ತೋರಿಸಿದ್ದರು.

ಹಾಗೆಂದು ಅವರ ಕಷಾಯವಾಗಲಿ ಎದುರಾಳಿಗಳ ಕಷಾಯವಾಗಲಿ ಕಾಲರಾಕ್ಕೆ ಮದ್ದಲ್ಲ. ವೈದ್ಯ ದಿಲೀಪ್ ಮಹಲನಾಬಿಸ್ 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮುಗಟ್ಟಲೆ ಕಲಸಿ ಕುಡಿಸಿ ಸಾವನ್ನು ತಗ್ಗಿಸಿ ತೋರಿಸಿದರು. ನೀರಿನಂಥ ಭೇದಿ ಯಾವ ಋತುವಿನಲ್ಲಿ ಬಂದರೂ, ಯಾವ ಪದ್ಧತಿಯ ವೈದ್ಯರ ಬಳಿ ಹೋದರೂ, ಮೊದಲ ಮದ್ದು ಈ ನೀರೇ, ಅಂದರೆ ಓಆರ್‌ಎಸ್.

ಜುಲೈಯಲ್ಲಿ ಚಳಿಗಾಲದ ಪಟ್ಟಿ ಅಂಟಿಸಿದ ಕಥೆಗೆ ‘ಸಾನ್‌ಫು’ ಎಂದು ಹೆಸರು. ವರ್ಷದ ಅತಿ ದೀರ್ಘ ಹಗಲಾದ ಮೇಲೆ, ಹತ್ತು ದಿನಗಳ ಹಳೆಯ ಚಕ್ರದಲ್ಲಿ ‘ಗೆಂಗ್’ ಎಂಬ ದಿನ ಮೂರನೆಯ ಬಾರಿ ಬಂದಾಗ ಸಾನ್‌ಫು ಆರಂಭ. 30 ಅಥವಾ 40 ದಿನ ಇರುತ್ತದೆ. ಸರಿಸುಮಾರು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ ಅಥವಾ ಕೊನೆಯವರೆಗೆ. ಅಲ್ಲಿ ನಿಮ್ಮ ಪಂಚಾಂಗದ ಅನುಮಾನ ನೂರಕ್ಕೆ ನೂರು ಸರಿ! ಝಾಂಗ್ ಲು ಎಂಬ ವೈದ್ಯರು 1695ರ ಗ್ರಂಥದಲ್ಲಿ ಈ ದಿನಗಳಲ್ಲಿ ಬಿಳಿಸಾಸಿವೆಯ ಲೇಪ ಹಚ್ಚಿ ಉಬ್ಬಸಕ್ಕೆ ಚಿಕಿತ್ಸೆ ಮಾಡುವುದನ್ನು ಹೇಳಿದ್ದಾರೆ. ‘ಚಳಿಗಾಲದ ರೋಗಕ್ಕೆ ಬೇಸಿಗೆಯಲ್ಲಿ ಮದ್ದು’ ಎಂಬುದು ಸೂತ್ರ. ಈಗ ಉಬ್ಬಸದಿಂದ ಹಿಡಿದು ತಣ್ಣನೆಯ ಹೊಟ್ಟೆಯ ಹಳೇ ಭೇದಿಯವರೆಗೆ ಎಲ್ಲಕ್ಕೂ ಅಂಟಿಸುತ್ತಾರೆ. ಜುಲೈಯಲ್ಲಿ ಆಸ್ಪತ್ರೆಗಳ ಮುಂದೆ ಸಾಲು ನಿಲ್ಲುವುದನ್ನು ನಾನ್‌ಜಿಂಗ್‌ನಲ್ಲಿ ನೋಡಿದ್ದೇನೆ.

ಹಿಂದಿರುವ ಯೋಚನೆ ಕುತೂಹಲದ್ದು. ಬಾವಿಯ ನೀರು ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಬೆಚ್ಚಗೆ ಇರುತ್ತದಲ್ಲ, ಮೈಯೂ ಹಾಗೆ ಎನ್ನುತ್ತಾರೆ. ಬೇಸಿಗೆಯಲ್ಲಿ ಬಿಸಿಯೆಲ್ಲ ಚರ್ಮಕ್ಕೆ ಏರಿ ಬೆವರಾಗಿ ಹೋಗುತ್ತದೆ, ಒಳಗೆ ಹೊಟ್ಟೆ ತಣ್ಣಗೆ ಉಳಿಯುತ್ತದೆ; ಅದರ ಮೇಲೆ ಕಲ್ಲಂಗಡಿ, ಐಸ್ ನೀರು ಬಿದ್ದರೆ ಪಿ ನಂದುತ್ತದೆ. ‘ಚಳಿಗಾಲದಲ್ಲಿ ಮೂಲಂಗಿ, ಬೇಸಿಗೆಯಲ್ಲಿ ಶುಂಠಿ’ ಎಂಬ ಅವರ ಗಾದೆ ಇದೇ ಲೆಕ್ಕದ್ದು. ಗಾದೆಯನ್ನು ನಾನು ಸಂತೋಷದಿಂದ ಒಪ್ಪುತ್ತೇನೆ, ಪಟ್ಟಿಯ ಬಗ್ಗೆ ಉತ್ಸಾಹವಿಲ್ಲ. ಸಾಸಿವೆಯ ಲೇಪ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತದೆ. ಕೆಲವರು ಗುಳ್ಳೆ ಎದ್ದರೆ ಮದ್ದು ಹತ್ತಿತು ಎಂದು ಹಿಗ್ಗುತ್ತಾರೆ. ಸಕ್ಕರೆ ಕಾಯಿಲೆ ಇರುವ ನಿಮಗೆ ಮಾಯದ ಗುಳ್ಳೆ ಬೇಕಾಗಿಲ್ಲ. ಮುಂದಿನ ಜುಲೈಯಲ್ಲಿ ನೀವು ಅಲ್ಲಿರುವುದಿಲ್ಲವಾದ್ದರಿಂದ ಜಗಳಕ್ಕೆ ಅವಕಾಶವೂ ಇಲ್ಲ. ನಮ್ಮ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿಯುವುದೂ ಹೆಚ್ಚುಕಡಿಮೆ ಇದೇ ವಾರಗಳಲ್ಲಿ. ಮಳೆಗಾಲದ ನಡುವೆ ಹೊಟ್ಟೆಗೆ ಒಂದು ಕಾವಲು ಹಾಕಬೇಕು ಎಂದು ಸಮುದ್ರದ ಎರಡೂ ಕಡೆಯವರಿಗೆ ಅನ್ನಿಸಿತ್ತು.

ವಸಂತದ ನಿಮ್ಮ ತೊಂದರೆ ನನಗೆ ಎಲ್ಲಕ್ಕಿಂತ ಸ್ಪಷ್ಟ. ಸಿಟ್ಟು ಅಥವಾ ಆತಂಕ, ಹೊಟ್ಟೆನುಲಿತ, ಓಟ, ನಿರಾಳ. ಇದನ್ನು ನಾವು ಐಬಿಎಸ್, ಕೆರಳುವ ಕರುಳು ಎನ್ನುತ್ತೇವೆ. ಅವರು ‘ಯಕೃತ್ತು ಪಿಯ ಮೇಲೆ ಏರಿ ಹೋಯಿತು’ ಎನ್ನುತ್ತಾರೆ. ವಸಂತ ಯಕೃತ್ತಿನ ಋತು, ಸಿಟ್ಟು ಯಕೃತ್ತಿನ ಭಾವ. ಚಿಗುರುವ ಮರ ನೆಲವನ್ನು ಸೀಳುವ ಹಾಗೆ ಎಂಬುದು ಉಪಮೆ. ಮದ್ದು ತೊಂಗ್‌ಶಿಯೆ ಯಾವ್‌ಫಾಂಗ್, ಅಂದರೆ ನೋವುಭೇದಿಯ ಮುಖ್ಯ ಸೂತ್ರ. ನಾಲ್ಕೇ ವಸ್ತುಗಳು, ಅವುಗಳಲ್ಲಿ ಬಿಳಿ ಪಿಯೊನಿ ಹೂಗಿಡದ ಬೇರು ನುಲಿತಕ್ಕೆ. ಈ ಲಕ್ಷಣ ಅಕ್ಟೋಬರಿನಲ್ಲಿ ಬಂದರೂ ಇದೇ ಸೂತ್ರ ಕೊಡುತ್ತಾರೆ.

ಐಬಿಎಸ್ ವಿಷಯದಲ್ಲಿ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸಿಡ್ನಿಯಲ್ಲಿ ನಡೆದು 1998ರಲ್ಲಿ ಪ್ರಕಟವಾದದ್ದು ಒಂದು. 116 ರೋಗಿಗಳಿಗೆ 16 ವಾರ ಮದ್ದು. ಕೆಲವರಿಗೆ ಎಲ್ಲರಿಗೂ ಒಂದೇ ಆದ ಸಿದ್ಧಸೂತ್ರ, ಕೆಲವರಿಗೆ ವೈದ್ಯರು ನೋಡಿ ಅವರವರಿಗೆ ಹೊಂದಿಸಿದ ಸೂತ್ರ, ಉಳಿದವರಿಗೆ ಹೋಲಿಕೆಗಾಗಿ ಔಷಧದಂತೆಯೇ ಕಾಣುವ ಹುಸಿಮದ್ದು. ಸಿದ್ಧಸೂತ್ರ ಮತ್ತು ಹೊಂದಿಸಿದ ಸೂತ್ರ ಎರಡೂ ಹುಸಿಮದ್ದಿಗಿಂತ ಮೇಲಾದವು. ಮದ್ದು ನಿಲ್ಲಿಸಿ 14 ವಾರಗಳಾದ ಮೇಲೂ ಗುಣ ಉಳಿದಿದ್ದುದು ಹೊಂದಿಸಿದ ಗುಂಪಿನಲ್ಲಿ ಮಾತ್ರ. ಇನ್ನೊಂದು ಹಾಂಗ್‌ಕಾಂಗ್‌ನದು, 2006ರದು: ಭೇದಿ ಪ್ರಧಾನವಾದ 119 ರೋಗಿಗಳು, 11 ಮೂಲಿಕೆಗಳ ಒಂದೇ ಮಿಶ್ರಣ, 8 ವಾರ. ಹುಸಿಮದ್ದಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಎರಡು ಸಣ್ಣ ಪ್ರಯೋಗಗಳಿಂದ ತೀರ್ಪು ಕೊಡಲಾಗದು. ಆದರೂ ನಿಮ್ಮ ವೈದ್ಯೆ ಪ್ರತಿ ಸಲ ಮದ್ದು ಬದಲಿಸಿದ್ದನ್ನು ದೂರುವ ಮೊದಲು ನಾನು ಸಿಡ್ನಿಯ ಆ ಗುಂಪನ್ನು ನೆನಪಿಸಿಕೊಳ್ಳುತ್ತೇನೆ.

ಶರತ್ಕಾಲದ ಬಗ್ಗೆ ನೀವು ಕೇಳಿಲ್ಲ, ಆದ್ದರಿಂದ ಒಂದೇ ಮಾತು. ಬೇಸಿಗೆಯ ಕೊನೆ ಮತ್ತು ಶರತ್ತಿನ ಆರಂಭ ಚೀನಾದಲ್ಲಿ ಆಮಶಂಕೆಯ ಕಾಲ. ಜ್ವರ-ಮೈಕೈನೋವಿನ ಜೊತೆ ಬರುವ ಆಮಶಂಕೆಯಲ್ಲಿ ರೋಗ ಹೊರಗಿನಿಂದ ಒಳಕ್ಕೆ ಜಾರಿದೆ, ಅದನ್ನು ಬಂದ ದಾರಿಯಲ್ಲೇ ಹೊರಕ್ಕೆ ಎಳೆಯಬೇಕು ಎಂದು 17ನೇ ಶತಮಾನದ ಯು ಛಾಂಗ್ ಹೇಳಿದರು. ಆ ಚಿಕಿತ್ಸೆಗೆ ‘ಹೊಳೆಗೆ ಎದುರಾಗಿ ದೋಣಿ ಎಳೆಯುವುದು’ ಎಂದು ಹೆಸರು. ಹೆಸರು ಸೊಗಸು. ಆದರೆ ಇವತ್ತು ಜ್ವರದ ಜೊತೆ ರಕ್ತ ಹೋಗುತ್ತಿದ್ದರೆ ದೋಣಿ ಎಳೆಯುತ್ತ ಕೂರಬಾರದು. ಮಲಪರೀಕ್ಷೆ, ಸರಿಯಾದ ಆ್ಯಂಟಿಬಯೋಟಿಕ್, ಅದೇ ದಿನ.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಚಳಿಗಾಲ. ಹಳೆಯ ಚೀನಾದಲ್ಲಿ ರಾತ್ರಿಗೆ ಐದು ಜಾವ; ಐದನೆಯದು ಮೂರರಿಂದ ಐದು ಗಂಟೆ. ಆಗ ಎಬ್ಬಿಸುವ ಭೇದಿಗೆ ‘ಐದನೇ ಜಾವದ ಭೇದಿ’, ‘ಕೋಳಿ ಕೂಗುವ ಭೇದಿ’ ಎಂಬ ಹೆಸರುಗಳಿವೆ. ಒಲೆಯ ಮೇಲೆ ಪಾತ್ರೆ ಇದೆ, ಕೆಳಗೆ ಬೆಂಕಿ ಇಲ್ಲ ಎಂಬುದು ವಿವರಣೆ: ಪಾತ್ರೆ ಪಿ, ಬೆಂಕಿ ಮೂತ್ರಪಿಂಡದ್ದು, ಚಳಿಗಾಲದ ನಸುಕಿನಲ್ಲಿ ಬೆಂಕಿ ಅತ್ಯಂತ ಮಂದ. ಮದ್ದು ಸಿಷೆನ್ ವಾನ್, ‘ನಾಲ್ಕು ದೈವಗಳ ಗುಳಿಗೆ’. ನಿಮ್ಮ ಬಳಿ ಉಳಿದಿರುವುದು ಇದೇ ಇರಬೇಕು, ಪೊಟ್ಟಣ ನೋಡಿ. ನಾಲ್ಕರಲ್ಲಿ ಎರಡು ನಮಗೆ ಪರಿಚಿತ. ಒಂದು ಜಾಯಿಕಾಯಿ, ಮಗುವಿಗೆ ಭೇದಿಯಾದರೆ ಅಜ್ಜಿಯರು ಕಲ್ಲಿನ ಮೇಲೆ ತೇಯ್ದು ನೆಕ್ಕಿಸುತ್ತಿದ್ದುದು. ಇನ್ನೊಂದು ಬಾವಂಚಿ. ಅದರ ಚೀನೀ ಹೆಸರು ‘ಬುಗುಝಿ’ ಪರದೇಶದಿಂದ ಬಂದದ್ದು ಎಂದು ಚೀನೀ ಗ್ರಂಥಗಳೇ ಒಪ್ಪುತ್ತವೆ. ಬಾಕುಚಿ ಎಂಬ ಸಂಸ್ಕೃತ ಹೆಸರನ್ನು ಪಕ್ಕದಲ್ಲಿಟ್ಟು ನೋಡಿದರೆ ನಂಟು ಕಿವಿಗೇ ಕೇಳುತ್ತದೆ. ಬಾವಂಚಿ ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳು ಚೀನಾದಿಂದಲೇ ಬಂದಿವೆ. ಬೆಂಕಿ ಹಚ್ಚುವ ಮದ್ದನ್ನು ತಿಂಗಳುಗಟ್ಟಲೆ ಸ್ವಂತ ಜವಾಬ್ದಾರಿಯಲ್ಲಿ ನುಂಗುವುದು ಬೇಡ.

ಈಗ ನಿಮ್ಮ ಪತ್ರದ ಕೊನೆಯ ಎರಡು ಸಾಲು. ಮುಜುಗರವಿಲ್ಲದೆ ಹೇಳುತ್ತೇನೆ, ಇಡೀ ಪತ್ರದಲ್ಲಿ ನನ್ನ ಕಣ್ಣು ನೆಟ್ಟದ್ದು ಅಲ್ಲಿ. ಎರಡು ವರ್ಷದ ಹಿಂದೆ ಮೆಟ್‌ಫಾರ್ಮಿನ್‌ನ ರಾತ್ರಿಯ ಮಾತ್ರೆ ಸೇರಿತು, ಎರಡು ಚಳಿಗಾಲದಿಂದ ನಸುಕಿನ ಭೇದಿ. ಮೆಟ್‌ಫಾರ್ಮಿನ್‌ನ ಅತ್ಯಂತ ಸಾಮಾನ್ಯ ಅಡ್ಡಪರಿಣಾಮವೇ ಭೇದಿ. ಮಾತ್ರೆಗೆ ಋತುವಿಲ್ಲವಲ್ಲ, ಚಳಿಗಾಲದಲ್ಲೇ ಏಕೆ ಎಂದು ನೀವು ಕೇಳಬಹುದು, ಕೇಳಬೇಕಾದದ್ದೇ. ಹಾಂಗ್‌ಝೌನ ಚಳಿಗಾಲದ ರಾತ್ರಿಯೂಟ ಹೇಗಿರುತ್ತದೆ ಎಂದು ಬರೆದು ನೋಡಿ: ತಡವಾಗಿ, ಎಣ್ಣೆ ತೇಲುವ ಕುದಿಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಹಾಟ್‌ಪಾಟ್, ಆಮೇಲೆ ಹಾಲಿನ ಚಹಾ? ಕರುಳು ಒಂದು ಭಾರವನ್ನು ತಾಳುತ್ತದೆ, ಎರಡನೆಯದಕ್ಕೆ ಕೈಚೆಲ್ಲುತ್ತದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಬಗೆಗೆ ಬದಲಿಸಬಹುದೇ ಎಂದು ಸಕ್ಕರೆ ಕಾಯಿಲೆಯ ವೈದ್ಯರನ್ನು ಕೇಳಿ. ಹಲವರಿಗೆ ಅಷ್ಟರಿಂದಲೇ ಹೊಟ್ಟೆ ಸುಧಾರಿಸುತ್ತದೆ. ಜೊತೆಗೆ ರಕ್ತದಲ್ಲಿ ವಿಟಮಿನ್ ಬಿ12 ಮಟ್ಟವನ್ನೂ ನೋಡಿಸಿ.

ನಿದ್ದೆಯಿಂದ ಎಬ್ಬಿಸುವ ಭೇದಿಯನ್ನು ನಮ್ಮ ಪದ್ಧತಿಯಲ್ಲಿ ಬರಿಯ ಐಬಿಎಸ್ ಎಂದು ತಳ್ಳಿಹಾಕುವುದಿಲ್ಲ. ಹೀಗಾಗಿ ಊರಿಗೆ ಬಂದ ಮೇಲೆ ರಕ್ತಪರೀಕ್ಷೆ, ಥೈರಾಯ್ಡ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ, ಕರುಳಿನ ಉರಿಯೂತ ತಿಳಿಸುವ ಕ್ಯಾಲ್‌ಪ್ರೊಟೆಕ್ಟಿನ್ ಮಲಪರೀಕ್ಷೆ ಇಷ್ಟು ಆಗಲಿ. ಸಕ್ಕರೆ ಕಾಯಿಲೆ ಹಳೆಯದಾದರೆ ಕರುಳಿನ ನರಗಳೂ ಸೋಲುತ್ತವೆ, ಅದನ್ನೂ ವೈದ್ಯರು ನೋಡುತ್ತಾರೆ. ತೂಕ ಇಳಿಯುತ್ತಿದ್ದರೆ, ರಕ್ತ ಕಂಡರೆ, ರಕ್ತಹೀನತೆ ಇದ್ದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿಯನ್ನು ಮುಂದೂಡಬೇಡಿ. ನಾನ್‌ಜಿಂಗ್‌ನ ಆ ಹಿರಿಯರೂ ಇಂಥವರನ್ನು ನಾಲಿಗೆ ನೋಡಿದ ಮೇಲೆ ನೇರವಾಗಿ ಮೇಲಿನ ಮಹಡಿಯ ಎಂಡೋಸ್ಕೋಪಿ ಕೋಣೆಗೆ ಕಳುಹಿಸುತ್ತಿದ್ದರು.

ಉಳಿದ ಗುಳಿಗೆಗಳ ಮಾತು. ಚೀನೀ ವೈದ್ಯದ ಒಳಗಿನ ನಿಯಮವೇ ಅವನ್ನು ದಾವಣಗೆರೆಗೆ ತರಬೇಡಿ ಎನ್ನುತ್ತದೆ. ಕಾಲಕ್ಕೆ ತಕ್ಕಂತೆ, ಸ್ಥಳಕ್ಕೆ ತಕ್ಕಂತೆ, ವ್ಯಕ್ತಿಗೆ ತಕ್ಕಂತೆ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಕಲಿಸುತ್ತಾರೆ. ಹಾಂಗ್‌ಝೌನಲ್ಲಿ ಜನವರಿಯ ಸರಾಸರಿ ಉಷ್ಣಾಂಶ 5 ಡಿಗ್ರಿಯ ಆಸುಪಾಸು. ಉತ್ತರ ಚೀನಾದ ಹಾಗೆ ಮನೆಮನೆಗೆ ಬಿಸಿನೀರಿನ ಕೊಳವೆಯ ಶಾಖವೂ ಇಲ್ಲ, ಗೋಡೆಯೊಳಗೇ ಚಳಿ ಕೂತಿರುತ್ತದೆ. ದಾವಣಗೆರೆಯಲ್ಲಿ ಜನವರಿಯ ಮಧ್ಯಾಹ್ನ ಫ್ಯಾನ್ ತಿರುಗುತ್ತಿರುತ್ತದೆ. ಅಲ್ಲಿ ಯಾವ ಶೀತವನ್ನು ಎದುರಿಸಲು ಒಲೆ ಹಚ್ಚುತ್ತೀರಿ? ಊರಿಗೆ ಬಂದ ಮೊದಲ ಎರಡು ತಿಂಗಳು ಯಾವ ಮೂಲಿಕೆಯೂ ಬೇಡ. ಉಂಡದ್ದು, ಹೊತ್ತು, ಮಲದ ಹದ, ನಿದ್ದೆ, ಅಂದಿನ ಕಿರಿಕಿರಿ ಇವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಬೆಣ್ಣೆ ದೋಸೆ ಮತ್ತು ಮಂಡಕ್ಕಿ-ಮೆಣಸಿನಕಾಯಿ ಬರುವ ದಿನವೇ ಕೈಬೀಸಿ ಕರೆಯುತ್ತವೆ, ಗೊತ್ತು. ನಾಲ್ಕು ವರ್ಷದ ಹಸಿವನ್ನು ಒಂದೇ ವಾರದಲ್ಲಿ ತೀರಿಸಿಕೊಂಡು ಆಮೇಲೆ ಹವೆಯನ್ನು ದೂರಬೇಡಿ.

ಮಜ್ಜಿಗೆಯ ವಿಷಯದಲ್ಲಿ ನಾನು ನಿಮ್ಮ ತಾಯಿಯವರ ಪಕ್ಷ. ನಿಮ್ಮ ವೈದ್ಯೆಯ ಊರಿನಲ್ಲಿ ಮಜ್ಜಿಗೆ ಎಂಬ ಪದಾರ್ಥವೇ ಮನೆಬಳಕೆಯಲ್ಲಿಲ್ಲ. ಅವರಿಗೆ ಅದು ತಣ್ಣನೆಯ ಹಾಲಿನ ಇನ್ನೊಂದು ರೂಪವಾಗಿ ಕಂಡಿರಬೇಕು. ಕಡೆದು ಬೆಣ್ಣೆ ತೆಗೆದು ನೀರು ಬೆರೆಸಿದ ಮಜ್ಜಿಗೆಯಲ್ಲಿ ಹಾಲಿಗಿಂತ ಲ್ಯಾಕ್ಟೋಸ್ ಕಡಿಮೆ, ಕೊಬ್ಬೂ ಕಡಿಮೆ. ಹಾಲು ಒಗ್ಗದ ಹಲವರಿಗೆ ಅದು ಒಗ್ಗುತ್ತದೆ. ಮಧ್ಯಾಹ್ನದ ಊಟಕ್ಕೆ ಒಂದು ಲೋಟ, ಫ್ರಿಜ್ಜಿನಿಂದ ತೆಗೆದದ್ದಲ್ಲ, ಒಂದು ಚೂರು ಹಸಿಶುಂಠಿ ಜಜ್ಜಿ ಹಾಕಿದ್ದು. ಶುಂಠಿ ಹಾಕಿಸಿದ್ದು ಹಾಂಗ್‌ಝೌನ ವೈದ್ಯೆ ಎಂದು ಅಮ್ಮನಿಗೆ ಹೇಳಿ, ಮಜ್ಜಿಗೆ ಕುಡಿಸಿದ್ದು ಅಮ್ಮ ಎಂದು ವೈದ್ಯೆಗೆ ಸಂದೇಶ ಕಳುಹಿಸಿ.